ಅವ್ವ ಹೇಳಿದ ಸಾಕ್ಷಿ

ಎಚ್ಚರವಾದಾಗಲೆಲ್ಲ ನನ್ನ ಕೈಯಲ್ಲಿ ಯಾರದೋ ಬೀಗದ ಕೈ ಇರುತ್ತಿತ್ತು. ಒಮ್ಮೆ ಸೈಕಲ್ಲಿನದು, ಒಮ್ಮೆ ಗೋದಾಮಿನದು, ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಾಗ ಯಾವುದೋ ಲಾರಿಯದು. ಫಿಟ್ಸ್ ಬಂದವರ ಮುಷ್ಟಿಯಲ್ಲಿ ಕಬ್ಬಿಣ ಇಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ನಾನು ನೆಲಕ್ಕೆ ಬೀಳುವುದೇ ತಡ, ಗುರುತು ಪರಿಚಯ ಇಲ್ಲದವರೂ ತಮ್ಮ ಮನೆಯ ಬೀಗದ ಕೈಯನ್ನು ನನ್ನ ವಶಕ್ಕೆ ಕೊಟ್ಟುಬಿಡುತ್ತಿದ್ದರು. ಎಚ್ಚರವಾದ ಮೇಲೆ ಅದನ್ನು ಇಸಿದುಕೊಂಡು, ಲುಂಗಿಗೆ ಒರೆಸಿಕೊಂಡು, ನನ್ನ ಮುಖ ನೋಡದೆ ಹೋಗುತ್ತಿದ್ದರು. ಅವರು ತೋರಿಸಿದ ದಯೆಯೂ ಖರೇ, ಒರೆಸಿಕೊಂಡದ್ದೂ ಖರೇ. ಆ ಎರಡರ ನಡುವೆ ನಾನು ಕೆಲವು ವರ್ಷ ಬದುಕಿದೆ.

ಈಗಲೂ ಗುಳಿಗೆ ನುಂಗುತ್ತೇನೆ. ಬಿಡುವ ಯೋಚನೆ ಇಲ್ಲ, ಬಿಡಿಸುವ ಯೋಚನೆ ಡಾಕ್ಟರಿಗೂ ಇಲ್ಲ. ಈ ಕಾಯಿಲೆಯನ್ನು ಮನೆಯ ಬಾಗಿಲು ಹಾಕಿಕೊಂಡು ಅನುಭವಿಸುವವರು ನಮ್ಮ ಸೀಮೆಯಲ್ಲಿ ಬಹಳ ಜನ ಇದ್ದಾರೆ. ಅದರಲ್ಲೂ ದೇವರನ್ನು ಗಟ್ಟಿಯಾಗಿ ನಂಬಿದ ಮನೆಗಳಲ್ಲಿ ಕಾಯಿಲೆಯ ಜೊತೆ ಇನ್ನೊಂದು ಭಾರವೂ ಬರುತ್ತದೆ. ಅದನ್ನು ಹೊತ್ತವರು ಯಾರಾದರೂ ಇದನ್ನು ಓದಿದರೆ, ನಿಮ್ಮಂಥವನು ರಾಣೆಬೆನ್ನೂರಿನಲ್ಲಿ ಒಬ್ಬ ಇದ್ದಾನೆ ಎಂದು ತಿಳಿಯಲಿ.

ಅಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟರುಗಳನ್ನು ಬಿಚ್ಚಿ, ಕಪ್ಪಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಬೇಸಿಗೆಯಲ್ಲಿ ನಮಗೆ ಉಣ್ಣಲೂ ಪುರುಸೊತ್ತು ಇರುತ್ತಿರಲಿಲ್ಲ. ಎರಡು ಸಾವಿರದ ಮೂರನೇ ಇಸವಿಯ ಅಂಥ ಒಂದು ಬೇಸಿಗೆಯಲ್ಲಿ, ನನಗೆ ಇಪ್ಪತ್ತೆರಡು ವರ್ಷವಿದ್ದಾಗ, ಅಂಗಡಿಯಲ್ಲೇ ಮೊದಲ ಸಲ ಬಿದ್ದೆ. ಬಿದ್ದದ್ದು ನನಗೆ ಗೊತ್ತಿಲ್ಲ. ತಂತಿ ಸುತ್ತುತ್ತಿದ್ದೆ, ಆಮೇಲೆ ಮೇಜಿನ ಕೆಳಗಿದ್ದೆ. ಬಾಯಿಯಲ್ಲಿ ರಕ್ತ, ಪ್ಯಾಂಟು ಒದ್ದೆ, ಅಪ್ಪನ ಮುಖ ನನ್ನ ಮುಖದ ಮೇಲೆ. ಅವನು ಮೊದಲು ಮಾಡಿದ ಕೆಲಸ ಮೇನ್ ಸ್ವಿಚ್ ತೆಗೆದದ್ದು. ನನಗೆ ಕರೆಂಟು ಹೊಡೆಯಿತು ಎಂದೇ ನಂಬಿದ, ಬಂದವರಿಗೆಲ್ಲ ಹಾಗೇ ಹೇಳಿದ. ಎರಡನೇ ಸಲ ಮನೆಯಲ್ಲಿ ರೊಟ್ಟಿ ತಿನ್ನುತ್ತ ಬಿದ್ದೆ. ಆವತ್ತು ಊರಲ್ಲೇ ಕರೆಂಟು ಇರಲಿಲ್ಲ. ಅಪ್ಪನಿಗೆ ಹೇಳಲು ಬೇರೆ ಮಾತು ಉಳಿಯಲಿಲ್ಲ.

ಹಾವೇರಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಹೊರಗಿನ ಬೆಂಚಿನ ಮೇಲೆ ಕಾಯುತ್ತ ಅವ್ವ ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಅವಳ ಸಣ್ಣ ದನಿ ಎಂದರೆ ಅರ್ಧ ವರಾಂಡಕ್ಕೆ ಕೇಳುತ್ತದೆ. ‘ನನ್ನ ಮಗನ ಫಿಟ್ಸು’ ಎಂಬ ಮಾತು ಬಂದ ಕೂಡಲೇ ಬಾಜೂ ಕೂತಿದ್ದವರು ಮಗುವನ್ನು ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು. ಅಲ್ಲಿಯೂ ಬಿದ್ದೆ. ಎಚ್ಚರವಾದಾಗ ಒಬ್ಬ ನರ್ಸು ನನ್ನ ಸುತ್ತ ಪರದೆ ಎಳೆದಿದ್ದಳು. ಒರೆಸಿಕೊಳ್ಳಲು ಒದ್ದೆ ಬಟ್ಟೆ, ಉಡಲು ಒಂದು ಹಳೆಯ ಲುಂಗಿ ಪಕ್ಕದಲ್ಲಿಟ್ಟು, ಬೆನ್ನು ತಿರುಗಿಸಿ ನಿಂತಿದ್ದಳು, ನಾನು ಬದಲಿಸಿಕೊಳ್ಳುವ ತನಕ. ಅವಳ ಹೆಸರು ನನಗೆ ಗೊತ್ತಿಲ್ಲ. ಆ ಬೆನ್ನನ್ನು ಮಾತ್ರ ನಾನು ಪ್ರಾರ್ಥನೆಯಲ್ಲಿ ಬಹಳ ಸಲ ನೆನೆದಿದ್ದೇನೆ.

ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಮಂದಿಯ ಮೋಟರಿಗೆ ತಂತಿ ಜೋಡಿಸುವವನ ತಲೆಗೇ ತಂತಿ ಹಚ್ಚಿ ಪರೀಕ್ಷೆ ಮಾಡಿದರು. ಅಪ್ಪ ಡಾಕ್ಟರನ್ನು ಕೇಳಿದ ಒಂದೇ ಪ್ರಶ್ನೆ, ಲೋಡು ಜಾಸ್ತಿಯಾಗಿ ಟ್ರಿಪ್ ಆದಂತೆಯೇನು ಇದು ಎಂದು. ಡಾಕ್ಟರು ನಕ್ಕು, ಹೆಚ್ಚುಕಡಿಮೆ ಹಾಗೇ ಎಂದರು. ಗುಳಿಗೆ ವರ್ಷಗಟ್ಟಲೆ ಬೇಕು, ಒಂದು ಹೊತ್ತೂ ತಪ್ಪಿಸಬಾರದು, ತಾವು ಹೇಳದೆ ಬಿಡಲೇಬಾರದು, ಗಾಡಿ ಓಡಿಸಬಾರದು, ಬಾವಿ ಬೆಂಕಿಯ ಹತ್ತಿರ ಒಬ್ಬನೇ ಹೋಗಬಾರದು ಎಂದರು.

ಮರುದಿನ ಅಂಗಡಿಗೆ ಹೋದರೆ ಟೆಸ್ಟಿಂಗ್ ಮೇಜಿನ ಮುಂದೆ ಅಪ್ಪ ತಾನೇ ಕೂತಿದ್ದ. ಕರೆಂಟು ಹಾಯಿಸಿ ಮೋಟರು ತಿರುಗಿಸಿ ನೋಡುವುದು ನನ್ನ ಕೆಲಸವಾಗಿತ್ತು. ಅದರಲ್ಲಿ ನನಗೊಂದು ಜಂಬವಿತ್ತು, ಶಬ್ದ ಕೇಳಿಯೇ ಎಲ್ಲಿ ತಪ್ಪಾಗಿದೆ ಎಂದು ಹೇಳುತ್ತಿದ್ದೆ. ಅಪ್ಪ ಕತ್ತರಿ, ಇನ್ಸುಲೇಷನ್ ಕಾಗದ ನನ್ನ ಮುಂದೆ ಸರಿಸಿದ. ಶಾಲೆಯ ಮಕ್ಕಳೂ ಕತ್ತರಿಸಬಲ್ಲ ಕಾಗದ ಅದು. ಮನೆಯಲ್ಲಿ ಅವ್ವ ಒಲೆಯ ಹತ್ತಿರ ಬಿಡಲಿಲ್ಲ, ಬಚ್ಚಲಿಗೆ ಹೋದರೆ ಚಿಲಕ ಹಾಕಬೇಡ ಎಂದು ಹೊರಗೆ ನಿಂತು ಕೂಗುತ್ತಿದ್ದಳು. ಬ್ಯಾಡಗಿಯ ಕಡೆಯಿಂದ ನನಗೊಂದು ಸಂಬಂಧ ಕುದುರುತ್ತಿತ್ತು. ಹುಡುಗಿ ಇನ್ನೂ ಓದಬೇಕೆನ್ನುತ್ತಾಳೆ ಎಂದು ಅವರು ಹೇಳಿ ಕಳಿಸಿದರು. ಎಸ್ಸೆಸ್ಸೆಲ್ಸಿ ಎರಡು ಸಲ ನಪಾಸಾದ ಹುಡುಗಿಗೆ ಒಮ್ಮಿಂದೊಮ್ಮೆಲೇ ಓದಿನ ಹುಚ್ಚು ಹಿಡಿದಿತ್ತು. ಆಗ ನಕ್ಕೆ. ಆದರೆ ನಾನು ಯಾತಕ್ಕೂ ಬಾರದವನು ಎಂದು ಮನಸ್ಸು ಹೇಳಲು ಶುರುಮಾಡಿದ್ದು ಅದೇ ದಿನಗಳಲ್ಲಿ.

ನಮ್ಮದು ತಾತನ ಕಾಲದಿಂದ ಕ್ರೈಸ್ತ ಮನೆ. ನನ್ನ ದೀಕ್ಷಾಸ್ನಾನದ ಹೆಸರು ಸಮುವೇಲ, ಮನೆಯಲ್ಲಿ ಸಾಮು. ಹುಟ್ಟಿನಿಂದ ಬಂದ ನಂಬಿಕೆ ತಲೆಯ ಮೇಲಿನ ಹಂಚಿನಂತೆ, ಇದೆ ಎಂದು ಗೊತ್ತು, ಕತ್ತೆತ್ತಿ ನೋಡುವುದಿಲ್ಲ. ಕಾಯಿಲೆ ಬಂದ ಮೇಲೆ ನೋಡಿದೆ, ಸಿಟ್ಟಿನಿಂದ. ನನ್ನನ್ನು ಮಾಡುವಾಗ ಇನ್ಸುಲೇಷನ್ ಹಾಕುವುದು ಮರೆತೆಯಾ ಎಂದು ದೇವರನ್ನು ಕೇಳಿದೆ. ಸಭೆಯಲ್ಲಿ ಕೆಲವರು ಪ್ರೀತಿಯಿಂದಲೇ ಕೇಳುತ್ತಿದ್ದರು, ಮನೆಯಲ್ಲಿ ಯಾರಾದರೂ ತಪ್ಪು ಮಾಡಿದ್ದುಂಟೇ, ನಂಬಿಕೆಯಲ್ಲಿ ಕೊರತೆ ಉಂಟೇ ಎಂದು. ಅವ್ವ ಆ ಮಾತು ಕೇಳಿ ಕೇಳಿ ಸಣ್ಣಗಾದಳು. ವಾರಕ್ಕೊಮ್ಮೆ ಇದ್ದ ಉಪವಾಸ ವಾರಕ್ಕೆರಡು ಸಲ ಆಯಿತು.

ಮೊದಲ ವರ್ಷ ಗುಳಿಗೆಯಿಂದ ನಿದ್ದೆ, ಊದಿದ ವಸಡು, ಮರೆವು. ಬೀಳುವುದೂ ನಿಲ್ಲಲಿಲ್ಲ. ಎರಡನೇ ವರ್ಷ ಡಾಕ್ಟರು ಗುಳಿಗೆ ಬದಲಿಸಿ, ಮೂರು ಹೊತ್ತು ಊಟದ ಜೊತೆಗೆ ತೆಗೆದುಕೊ ಎಂದರು. ಆ ಮೇಲೆ ನಿಂತಿತು. ಮಳೆಗಾಲ ಕಳೆಯಿತು, ಸುಗ್ಗಿ ಬಂತು, ನಾನು ಬೀಳಲಿಲ್ಲ.

ಇಲ್ಲಿಯೇ ತಪ್ಪು ಆದದ್ದು. ಮೊದಲು ಗುಳಿಗೆಯ ಸ್ಟ್ರಿಪ್ಪು ನಮ್ಮ ಮನೆಯ ಗೋಡೆಯ ಮಾಡದಲ್ಲಿ, ಬೈಬಲ್ಲಿನ ಪಕ್ಕದಲ್ಲಿ ಇರುತ್ತಿತ್ತು. ಮೂರು ಹೊತ್ತು ಆದ ಮೇಲೆ ಮಧ್ಯಾಹ್ನದ ಊಟ ಅಂಗಡಿಯಲ್ಲೇ ಆಗುವುದರಿಂದ ನಾನು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದೆ. ಮನೆಯಲ್ಲೂ ಉಂಡು ಕೈ ತೊಳೆಯಲು ಬಚ್ಚಲಿಗೆ ಹೋದಾಗ ಜೇಬಿನಿಂದಲೇ ತೆಗೆದು ನುಂಗುತ್ತಿದ್ದೆ, ಅವ್ವನ ಕಣ್ಣಿಗೆ ಬೀಳುತ್ತಿರಲಿಲ್ಲ. ಅದೇ ವಾರ ಅವ್ವ ನನ್ನನ್ನು ಬ್ಯಾಡಗಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಒಂದು ಗೋದಾಮಿನ ಮಹಡಿಯ ಮೇಲೆ ಪ್ರಾರ್ಥನೆಯ ಕೂಟ. ಸೀಸನ್ನಿನಲ್ಲಿ ಬ್ಯಾಡಗಿಯ ಪ್ರಾರ್ಥನೆ ಎಂದರೆ ಅರ್ಧ ಸ್ತೋತ್ರ, ಅರ್ಧ ಸೀನು. ಹೊರಗಿನಿಂದ ಬಂದ ಬೋಧಕರೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ಅವರ ಕಣ್ಣೀರು ನನ್ನ ಕತ್ತಿನ ಮೇಲೆ ಬಿತ್ತು, ಅದು ನಾಟಕವಾಗಿರಲಿಲ್ಲ. ಮನೆಗೆ ಬಂದು ಅವ್ವ ಮಾಡ ನೋಡಿದಳು. ಬೈಬಲ್ಲು ಇತ್ತು, ಗುಳಿಗೆ ಇರಲಿಲ್ಲ. ಮಗ ನಂಬಿಕೆಯಿಂದ ಗುಳಿಗೆ ಬಿಟ್ಟಿದ್ದಾನೆ ಎಂದುಕೊಂಡಳು. ನನ್ನನ್ನು ಕೇಳಲಿಲ್ಲ. ಕೇಳಿದರೆ ಅದೇ ಒಂದು ಸಂಶಯವಾದೀತು, ಆ ಸಂಶಯದಿಂದಲೇ ಗುಣವಾಗುವುದು ತಪ್ಪೀತು ಎಂಬ ಹೆದರಿಕೆ ಅವಳಿಗೆ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ಮತ್ತೆ ಬ್ಯಾಡಗಿಗೆ ಹೋದಾಗ ಅವ್ವ ಸೆರಗು ಹೊದ್ದು ಎದ್ದು ನಿಂತಳು.

“ನನ್ನ ಮಗನ ಫಿಟ್ಸು ಹ್ವಾದ್ವು. ಗುಳಿಗಿ ಬಿಟ್ಟಾನ. ಪೂರಾ ಗುಣಾ ಆಗ್ಯಾನ. ಕರ್ತನ ಹೆಸರಿಗೆ ಸ್ತೋತ್ರ.”

ಜೇಬಿನಲ್ಲಿ ಗುಳಿಗೆ ಇಟ್ಟುಕೊಂಡು ನಾನು ಕೂತಿದ್ದೆ. ಏಳಬೇಕೆಂದುಕೊಂಡೆ. ಅಷ್ಟರಲ್ಲಿ ಜನ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು, ಅಪ್ಪಿಕೊಂಡರು. ಎರಡು ವರ್ಷದಲ್ಲಿ ಮನೆಯವರು ಬಿಟ್ಟರೆ ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಮುಟ್ಟಿದ ಮೇಲೆ ಯಾರೂ ಕೈ ಒರೆಸಿಕೊಳ್ಳಲಿಲ್ಲ. ಅವ್ವನ ಮುಖ ನೋಡಿದೆ, ಮದುವೆಯ ಹೆಣ್ಣಿನ ಮುಖ ಅದು. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಪ್ಪನಿಗೆ ಸತ್ಯ ಗೊತ್ತಿತ್ತು, ದಿನಾ ಮಧ್ಯಾಹ್ನ ಅವನ ಎದುರೇ ನುಂಗುತ್ತಿದ್ದೆ. ಅವ್ವನಿಗೆ ಹೇಳು ಎಂದೆ. ಅಪ್ಪ ತಂತಿಯಿಂದ ಕಣ್ಣು ಎತ್ತದೆ ಹೇಳಿದ: “ಆಕಿ ಮುಂದ ಹೇಳೋ ಧೈರ್ಯ ನನಗಿಲ್ಲೋ. ನಿನಗ ಐತೇನು?” ನನಗೂ ಇರಲಿಲ್ಲ.

ಆಮೇಲೆ ಹಾವೇರಿಯಲ್ಲಿ ಸಾಕ್ಷಿಯಾಯಿತು, ನಮ್ಮ ರಾಣೆಬೆನ್ನೂರಿನ ಸಭೆಯಲ್ಲೂ ಆಯಿತು. ‘ಗುಣ ಆದ ಸಾಮು’ ಎಂದು ನನಗೆ ಹೆಸರು ಬಿತ್ತು. ಎಲ್ಲೆಲ್ಲಿಂದಲೋ ಕರೆ ಬರುತ್ತಿತ್ತು, ಹೋದಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದರು, ಜನ ತಿರುಗಿ ನೋಡುತ್ತಿದ್ದರು. ಮೊದಲು ಊರು ನನ್ನ ಕಾಯಿಲೆಯನ್ನು ನೋಡುತ್ತಿತ್ತು, ಈಗ ನನ್ನ ಗುಣವನ್ನು ನೋಡುತ್ತಿತ್ತು. ಎರಡರಲ್ಲೂ ನಾನು ಇರಲಿಲ್ಲ. ಒಂದೇ ಒಂದು ಸಲ ಬಿದ್ದರೆ ಈ ಕೈಗಳೆಲ್ಲ ಹಿಂದೆ ಸರಿಯುತ್ತವೆ ಎಂಬ ಹೆದರಿಕೆಗೆ ನಿದ್ದೆ ಬರುತ್ತಿರಲಿಲ್ಲ. ಕಾಯಿಲೆಯ ದಿನಗಳಲ್ಲಿ ಕೂಡ ನಾನು ಇಷ್ಟು ಒಂಟಿಯಾಗಿರಲಿಲ್ಲ. ದೇವರ ಮುಂದೆ ಮೊಣಕಾಲೂರಿದರೂ ಮಾತು ಹೊರಡುತ್ತಿರಲಿಲ್ಲ. ಆತನ ಹೆಸರಿನಲ್ಲೇ ಸುಳ್ಳು ನಡೆದಿರುವಾಗ ಆತನಿಗೆ ಏನೆಂದು ಹೇಳುವುದು?

ಹೀಗೇ ಒಂದು ಭಾನುವಾರ ಆರಾಧನೆ ಮುಗಿದು ನಾವು ಅಂಗಳಕ್ಕೆ ಬಂದಾಗ, ಬೇವಿನ ಗಿಡದ ಕೆಳಗೆ ಒಬ್ಬ ಹೆಣ್ಣುಮಗಳು ಕಾಯುತ್ತಿದ್ದಳು. ಹೊಸರಿತ್ತಿ ಕಡೆಯ ಒಕ್ಕಲುತನದ ಮನೆಯವಳು, ನೀಲವ್ವ. ಹಣೆಯಲ್ಲಿ ವಿಭೂತಿ. ಅವಳ ಸೊಂಟಕ್ಕೆ ಆತು ನಿಂತಿದ್ದ ಮಗಳಿಗೆ ಒಂಬತ್ತು ವರ್ಷವಿರಬಹುದು. ಹುಡುಗಿಯ ಹುಬ್ಬಿನ ಮೇಲೆ ಹಸಿ ಗಾಯ, ಸುಟ್ಟ ಒಂದು ಮುಂಗೈಗೆ ಕಟ್ಟಿದ ಬಟ್ಟೆ. ನೋಡಿದ ಕೂಡಲೇ ನನಗೆ ತಿಳಿಯಿತು. ಆ ಥರ ಬೀಳುವವರ ಗಾಯ ನಮಗೆ ಗುರುತು ಸಿಗುತ್ತದೆ.

ಬ್ಯಾಡಗಿಯ ಸಂತೆಯಲ್ಲಿ ಅವಳಿಗೆ ಯಾರೋ ನನ್ನ ಸುದ್ದಿ ಹೇಳಿದ್ದರಂತೆ. ಗುಳಿಗೆ ಬಿಟ್ಟು ಪ್ರಾರ್ಥನೆಯಿಂದ ಗುಣವಾದವನೊಬ್ಬ ರಾಣೆಬೆನ್ನೂರಿನಲ್ಲಿ ಇದ್ದಾನೆ ಎಂದು. ಅದನ್ನು ಕೇಳಿ ಅವಳೂ ಮಗಳ ಗುಳಿಗೆ ನಿಲ್ಲಿಸಿದ್ದಳು. ಗುಳಿಗೆ ನಡೆದಿದ್ದರೆ ನಿಮ್ಮ ದೇವರು ಕೆಲಸ ಮಾಡುವುದಿಲ್ಲವೇನೋ ಎಂದು ಅವಳ ಲೆಕ್ಕ. ಈಗ ಹುಡುಗಿ ದಿನಕ್ಕೆ ಎರಡು ಮೂರು ಸಲ ಬೀಳುತ್ತಿದ್ದಳು, ನಿನ್ನೆ ಒಲೆಯ ಮೇಲೇ ಬಿದ್ದಿದ್ದಳು. ನೀಲವ್ವ ಸೆರಗೊಡ್ಡಿ ನನ್ನ ಕಾಲಿಗೆ ಬಗ್ಗಿದಳು.

“ನಿಮ್ಮ ದೇವ್ರ ಮ್ಯಾಲೆ ಭಾರ ಹಾಕೇನ್ರಿ. ಅಣ್ಣಾರ, ನಿಮಗ ಆದಂಗ ನನ್ನ ಕೂಸಿಗೂ ಆಗಲಿ.”

ಸುತ್ತ ನಮ್ಮ ಸಭೆಯವರು ನಿಂತಿದ್ದರು. ಅವ್ವ ಮುಂದೆ ಬಂದು ಹುಡುಗಿಯ ತಲೆಯ ಮೇಲೆ ಕೈಯಿಡಲು ಕಣ್ಣು ಮುಚ್ಚಿದ್ದಳು. ನಾನು ಧೈರ್ಯಶಾಲಿಯಲ್ಲ, ಆವತ್ತೂ ಧೈರ್ಯ ಬಂದದ್ದಲ್ಲ. ಆ ಸುಟ್ಟ ಕೈ ನೋಡಿದ ಮೇಲೆ ಸುಮ್ಮನಿರುವುದು ಆಗಲಿಲ್ಲ, ಅಷ್ಟೆ. ಜೇಬಿನಿಂದ ಗುಳಿಗೆಯ ಸ್ಟ್ರಿಪ್ಪು ತೆಗೆದು ನೀಲವ್ವನ ಅಂಗೈಯಲ್ಲಿಟ್ಟೆ.

“ಅಕ್ಕಾರ, ನಾನು ಗುಳಿಗಿ ಬಿಟ್ಟಿಲ್ಲ. ಮೂರು ಹೊತ್ತೂ ನುಂಗತೇನಿ. ಅದಕ್ಕ ನಿಂತೇನಿ ನಿಮ್ಮ ಮುಂದ. ಕೂಸಿಗೆ ಇವತ್ತ ಚಾಲೂ ಮಾಡಬೇಕ್ರಿ.”

ಅವ್ವ ಕಣ್ಣು ತೆರೆದಳು.

“ನೀ ಬಿಟ್ಟಿಲ್ಲೇನು?”

“ಇಲ್ಲವ್ವಾ.”

“ಒಂದ ದಿನಾನೂ?”

“ಒಂದ ದಿನಾನೂ.”

ಅವಳು ನನ್ನನ್ನು ಬಯ್ಯಲಿಲ್ಲ. ಹುಡುಗಿಯ ತಲೆಯ ಮೇಲೆ ಎತ್ತಿದ್ದ ಕೈಯನ್ನು ಕೆಳಗಿಳಿಸಿ, ಅದನ್ನೇ ಒಂದು ಸಲ ನೋಡಿಕೊಂಡಳು. ನಂತರ ಹುಡುಗಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು, ಒಂಬತ್ತು ವರ್ಷದ ಮಗುವನ್ನು, ಮತ್ತು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನೀಲವ್ವ ಅಳುತ್ತ ಅವಳ ಹಿಂದೆ, ನಾನು ನೀಲವ್ವನ ಹಿಂದೆ.

ಹಾವೇರಿಯ ತನಕ ಬಸ್ಸಿನಲ್ಲಿ ಅವ್ವ ಮಾತಾಡಲಿಲ್ಲ. ಮಾತೇ ಉಸಿರಾದ ಹೆಂಗಸು ಸುಮ್ಮನೆ ಕೂತದ್ದು ನೋಡಲು ನನಗೆ ಸಂಕಟವಾಗುತ್ತಿತ್ತು. ಅದೇ ಆಸ್ಪತ್ರೆ, ಅದೇ ಬೆಂಚು. ಕಾಯುವಾಗ ಹುಡುಗಿಗೆ ಫಿಟ್ಸ್ ಬಂತು. ನನಗೆ ಬರುವುದನ್ನು ನಾನು ಎಂದೂ ನೋಡಿರಲಿಲ್ಲ. ಆ ಸಣ್ಣ ಮೈ ಬಿಲ್ಲಿನಂತೆ ಬಾಗುವುದನ್ನು, ಬಾಯಲ್ಲಿ ನೊರೆ ಬರುವುದನ್ನು ನೋಡಿ, ಅವ್ವ ಅಪ್ಪ ಎಷ್ಟು ಸಲ ಇದನ್ನು ನೋಡಿರಬೇಕು ಎಂದು ಎದೆ ಒಡೆಯಿತು. ಬೆಂಚಿನ ಆಚೆ ಇದ್ದ ಮುದುಕ ಆಗಲೇ ಬೀಗದ ಕೈ ಹುಡುಕುತ್ತಿದ್ದ. ಬೇಡ ಎಂದೆ. ಹುಡುಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ನನ್ನ ಟವೆಲ್ಲು ಮಡಿಸಿ ಇಟ್ಟು, ಅದು ತಾನಾಗಿ ನಿಲ್ಲುವ ತನಕ ಪಕ್ಕದಲ್ಲಿ ಕೂತೆ. ಇಷ್ಟು ಮಾತ್ರ ಮಾಡಬೇಕಾದದ್ದು ಎಂದು ಡಾಕ್ಟರು ನಮಗೆ ಎಂದೋ ಹೇಳಿದ್ದರು, ನನಗೆ ಮಾತ್ರ ಯಾರೂ ಮಾಡಿರಲಿಲ್ಲ.

ಒಳಗೆ ಕರೆದರು. ಡಾಕ್ಟರು ನೀಲವ್ವನಿಗೆ ಬಯ್ದರು. ತಪ್ಪು ಅವಳದಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, ಬಯ್ಯುವುದಿದ್ದರೆ ತನಗೆ ಬಯ್ಯಿರಿ, ಸುದ್ದಿ ಹಬ್ಬಿಸಿದವಳು ತಾನು ಎಂದು. ಹುಡುಗಿಯನ್ನು ಎರಡು ದಿನ ಇರಿಸಿಕೊಂಡರು. ಗುಳಿಗೆ ಮತ್ತೆ ಶುರುವಾಯಿತು. ಇಂದು ಆಕೆಗೆ ಮದುವೆಯಾಗಿ ಒಂದು ಮಗುವಿದೆ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರ ಜೀವ ಹಿಂಡಬಾರದು.

ಆ ಸಂಜೆ ವರಾಂಡದಲ್ಲಿ ಅವ್ವ ಮಾತಾಡಿದಳು.

“ದೇವರಿಗೆ ಹೆಸರು ಬರಲಿ ಅಂತ ಸಾಕ್ಷಿ ಹೇಳಿದ್ದೆ ಅಂದ್ಕೊಂಡಿದ್ನಿ. ಅಲ್ಲೋ ಸಾಮು. ನನಗ ಬೇಕಾಗಿತ್ತು ಹೆಸರು. ಫಿಟ್ಸಿನ ಹುಡುಗನ ತಾಯಿ ಅನಿಸ್ಕೊಂಡು ಸಾಕಾಗಿತ್ತು ನನಗ.”

ನಾನು ಅವಳ ಕೈ ಹಿಡಿದುಕೊಂಡೆ. ನನಗೂ ಸಾಕಾಗಿತ್ತು ಎಂದು ಹೇಳಿದೆ. ಇಬ್ಬರೂ ಅತ್ತೆವು. ಅಷ್ಟು ವರ್ಷದಲ್ಲಿ ನಾವು ಜೊತೆಗೂಡಿ ಅತ್ತದ್ದು ಅದೇ ಮೊದಲು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವ್ವ ಆ ಗಾದೆಯನ್ನು ಒಪ್ಪಲಿಲ್ಲ. ಎಲ್ಲೆಲ್ಲಿ ಸಾಕ್ಷಿ ಹೇಳಿದ್ದಳೋ ಅಲ್ಲೆಲ್ಲ ತಿರುಗಿ ಹೋಗಿ ಅದನ್ನು ಸರಿಪಡಿಸುತ್ತೇನೆ ಎಂದು ಹಟ ಹಿಡಿದಳು, ನನ್ನನ್ನೂ ಕರೆದುಕೊಂಡು ಹೊರಟಳು. ನಮ್ಮ ಸಭೆಯಲ್ಲಿ ಜನ ಕೇಳಿದರು, ಸುಮ್ಮನಾದರು, ಕೆಲವರು ಕಣ್ಣು ತಪ್ಪಿಸಿದರು. ಹಾವೇರಿಯಲ್ಲಿ ಒಬ್ಬ ಮುದುಕಿ ಎದ್ದು ಬಂದು, ತಾನೂ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಕದ್ದು ನುಂಗುತ್ತೇನೆ ಎಂದು ಅವ್ವನ ಕಿವಿಯಲ್ಲಿ ಹೇಳಿದಳು. ಬ್ಯಾಡಗಿಯ ಕೂಟದಲ್ಲಿ ಮಾತ್ರ ಹಿರಿಯರು ತಡೆದರು. ಹೊಸಬರು ಬಂದಿದ್ದಾರೆ, ಅವರ ನಂಬಿಕೆ ಕೆಡಿಸಬೇಡಿರಿ ಎಂದರು. ಅವ್ವ ಕೂಟ ಮುಗಿಯುವ ತನಕ ಕಾದು, ಮೆಟ್ಟಿಲಿನ ಕೆಳಗೆ ಬಾಗಿಲಲ್ಲಿ ನಿಂತು, ಇಳಿದು ಬಂದ ಒಬ್ಬೊಬ್ಬರಿಗೂ ಹೇಳಿದಳು. ಕೆಲವರು ಚಪ್ಪಲಿ ಮೆಟ್ಟಿಕೊಂಡು ಕೇಳದಂತೆ ನಡೆದರು. ಆಮೇಲೆ ಅಲ್ಲಿಂದ ನಮಗೆ ಕರೆ ಬರಲಿಲ್ಲ. ದೊಡ್ಡವ್ವ ಕೂಡ ಬಹಳ ದಿನ ಮಾತು ಬಿಟ್ಟಳು. ತಂಗಿಯ ಸಾಕ್ಷಿಯಿಂದ ಅವಳಿಗೂ ಅಲ್ಲಿ ಒಂದು ಮರ್ಯಾದೆ ಬಂದಿತ್ತು, ಅದು ಹೋಯಿತು.

ಗುಣ ಆದ ಸಾಮು ಎಂಬ ಹೆಸರು ಹೋದ ಮೇಲೆ ನಾನು ಯಾರು ಎಂಬುದು ನನಗೆ ತಿಳಿಯದಾಯಿತು. ನಮ್ಮ ಸಭಾಪಾಲಕರನ್ನು ನಾವು ಅಯ್ನೋರು ಎನ್ನುತ್ತೇವೆ. ಹೆಚ್ಚು ಮಾತಿನವರಲ್ಲ, ಉಪದೇಶವೂ ಚಿಕ್ಕದು, ಅದಕ್ಕೇ ಜನ ಅವರನ್ನು ಇಷ್ಟಪಡುತ್ತಿದ್ದರು. ಅವರ ಮನೆಗೆ ಹೋಗಿ ನನ್ನ ಕಹಿಯನ್ನೆಲ್ಲ ಸುರಿದೆ. ದೇವರು ಬೇಕಾದವರನ್ನು ಗುಣಪಡಿಸುತ್ತಾನೆ, ನಾನು ಆತನಿಗೆ ಬೇಡವಾದವನು, ಇಲ್ಲವೇ ನನ್ನ ನಂಬಿಕೆ ಖೋಟಾ, ಎರಡರಲ್ಲಿ ಒಂದು ಎಂದೆ. ಅವರ ಹೆಂಡತಿ ಅಯ್ನೋರಮ್ಮ ತಂದ ಚಹಾವನ್ನು ಅವರು ಕುಡಿದು ಮುಗಿಸಿದರು.

“ಸತ್ತು ಎದ್ದು ಬಂದಾತನ ಕೈಯಾಗ ಗಾಯ ಹಂಗ ಇದ್ದುವಲ್ಲೋ ತಮ್ಮಾ. ಸಾವನ್ನ ಗೆದ್ದಾತಗ ಆ ಗಾಯ ಮಾಯಿಸಿಕೊಳ್ಳಾಕ ಬರ್ತಿರಲಿಲ್ಲೇನು? ಗಾಯ ಇಟ್ಕೊಂಡ ಬಂದ. ಅದನ್ನ ನೋಡಿ ಗುರುತ ಹಿಡದ್ರು.”

ಅಷ್ಟೇ ಹೇಳಿದರು. ಚಿಕ್ಕಂದಿನಿಂದ ಆ ಕಥೆ ಕೇಳಿದ್ದೇನೆ, ಪ್ರತಿ ವರ್ಷ ಈಸ್ಟರಿಗೆ ಕೇಳಿದ್ದೇನೆ. ಆದರೆ ಆ ಗಾಯ ನನ್ನ ಕಡೆಯದು ಎಂದು ಎಂದೂ ಹೊಳೆದಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಬಹಳ ದಿನದ ಮೇಲೆ ದೇವರ ಜೊತೆ ಮಾತಾಡಿದೆ. ಗುಣ ಮಾಡು ಎಂದು ಕೇಳಲಿಲ್ಲ. ಹಿಂಗಿದ್ದರೂ ನಾನು ನಿನ್ನವನೇನು ಎಂದು ಕೇಳಿದೆ. ಆಕಾಶದಿಂದ ಉತ್ತರವೇನೂ ಬರಲಿಲ್ಲ. ಆದರೂ ಕೇಳಿದ್ದೇ ನನಗೆ ಹಗುರವಾಯಿತು.

ಅಂಗಡಿಯಲ್ಲಿ ನಾನು ಅಪ್ಪನಿಗೆ ಹೇಳಿದೆ, ಸ್ವಿಚ್ಚು ನೀನೇ ಒತ್ತು, ಪಕ್ಕದಲ್ಲಿ ಕೂತು ಶಬ್ದ ನಾನು ಕೇಳುತ್ತೇನೆ ಎಂದು. ಅಪ್ಪ ಕತ್ತರಿ ಕಾಗದವನ್ನು ಮೇಜಿನಿಂದ ತೆಗೆದ. ಹಾಗೆ ನನ್ನ ಕೆಲಸ ನನಗೆ ಅರ್ಧ ತಿರುಗಿ ಬಂತು, ಅರ್ಧ ಸಾಕಾಗಿತ್ತು.

ಆದರೆ ಒಂದು ಹೆದರಿಕೆ ಉಳಿದೇ ಇತ್ತು. ಸಭೆಯವರು ನನ್ನ ಮಾತು ಕೇಳಿದ್ದರು, ನಾನು ಬೀಳುವುದನ್ನು ನೋಡಿರಲಿಲ್ಲ. ಗುಣವಾಗಿಲ್ಲ ಎಂಬ ಮಾತನ್ನು ಕೇಳುವುದು ಬೇರೆ, ನೊರೆ ಕಾರುವ ಮನುಷ್ಯನನ್ನು ನೋಡುವುದು ಬೇರೆ. ನೋಡಿದ ದಿನ ಎಲ್ಲ ತಿಳಿಯುತ್ತದೆ ಎಂದು ನನಗೆ ಗೊತ್ತಿತ್ತು.

ಮುಂದಿನ ವರ್ಷ, ಕರ್ತನ ಭೋಜನ ಇದ್ದ ಒಂದು ಭಾನುವಾರ ಆ ದಿನ ಬಂತು. ಹಿಂದಿನ ದಿನಗಳಲ್ಲಿ ಜ್ವರ ಬಂದು ನಿದ್ದೆಗೆಟ್ಟಿದ್ದೆ, ಗುಳಿಗೆ ತಪ್ಪದಿದ್ದರೂ ಈ ಕಾಯಿಲೆಗೆ ಅಷ್ಟು ಸಾಕು. ನಮ್ಮಲ್ಲಿ ಜನ ಸಾಲಾಗಿ ಮುಂದೆ ಹೋಗಿ, ಮೇಜಿನ ಮುಂದಿನ ಕಟ್ಟಿಗೆಯ ಕಟಾಂಜನದ ಹತ್ತಿರ ಮೊಣಕಾಲೂರಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕ್ರಿಸ್ತನ ದೇಹ, ರಕ್ತ ಎಂದು ನಂಬಿ ತೆಗೆದುಕೊಳ್ಳುತ್ತಾರೆ. ನಮ್ಮ ಸಾಲು ನಡುದಾರಿಗೆ ಬಂದಿತ್ತು. ಕಿಟಕಿಯ ಬೆಳಕು ವಿಚಿತ್ರವಾಗಿ ಬೆಳ್ಳಗಾಯಿತು. ಅವ್ವಾ ಎನ್ನಬೇಕೆಂದುಕೊಂಡೆ.

ಎಚ್ಚರವಾದಾಗ ನಡುದಾರಿಯಲ್ಲಿ ಒಂದು ಮಗ್ಗುಲಾಗಿ ಮಲಗಿದ್ದೆ. ತಲೆಯ ಕೆಳಗೆ ಯಾರದೋ ಮಡಿಸಿದ ಶಾಲು. ಮುಷ್ಟಿಯಲ್ಲಿ ಏನೂ ಇರಲಿಲ್ಲ. ಪ್ಯಾಂಟಿನ ಮೇಲೆ ಅಪ್ಪ ತನ್ನ ಅಂಗವಸ್ತ್ರ ಹೊದಿಸಿದ್ದ. ಬಾಯಲ್ಲಿ ರಕ್ತದ ರುಚಿ, ನಾಲಿಗೆ ಕಚ್ಚಿಕೊಂಡಿದ್ದೆ. ಆಮೇಲೆ ನನಗೆ ತಿಳಿದದ್ದು ಆ ಮೌನ. ಹಾಡು ಇರಲಿಲ್ಲ, ಪ್ರಾರ್ಥನೆ ಇರಲಿಲ್ಲ, ಯಾರೂ ಹೊರಗೂ ಹೋಗಿರಲಿಲ್ಲ. ಇಡೀ ಸಭೆ ನಿಂತಲ್ಲೇ ನಿಂತು ನನಗಾಗಿ ಕಾಯುತ್ತಿತ್ತು.

ಅಯ್ನೋರು ರೊಟ್ಟಿಯ ತಟ್ಟೆ, ಬಟ್ಟಲು ಎರಡನ್ನೂ ಹಿಡಿದು ಕಟಾಂಜನ ದಾಟಿ ಇಳಿದು ಬಂದರು. ಬಿಳಿ ನಿಲುವಂಗಿಯೊಂದಿಗೆ ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು. ನನಗೆ ನಾಚಿಕೆ ಉಕ್ಕಿ ಬಂತು. ಬಾಯಿ ಮುಚ್ಚಿಕೊಂಡು ಬೇಡ ಎಂದು ತಲೆಯಲ್ಲಾಡಿಸಿದೆ.

“ಬಾಯಾಗ ರಕ್ತ ಐತ್ರಿ ಅಯ್ನೋರ. ಹೊಲಸಾಗೇನಿ.”

“ಈ ಮೇಜಿನ ಮ್ಯಾಲ ಇರೋದೂ ಅದನ ಅಲ್ಲೋ ಮತ್ತ,” ಎಂದರು ಅವರು. ಒಂದು ತುಂಡು ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ, ಸಮುವೇಲನೇ ಎಂದು ನನ್ನ ಹೆಸರು ಹಿಡಿದು ಕರೆದು, ನನ್ನ ನಾಲಿಗೆಯ ಮೇಲಿಟ್ಟರು. ಕಚ್ಚಿದ ಗಾಯಕ್ಕೆ ತಾಗಿ ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ನುಂಗಿದೆ.

ಅಯ್ನೋರು ಏಳಲು ಹೋದರು. ಆದರೆ ಸಾಲಿನಲ್ಲಿ ನನ್ನ ಹಿಂದೆ ಇದ್ದ ಅವ್ವ ಮುಂದಕ್ಕೆ ಹೋಗದೆ ಅಲ್ಲಿಯೇ ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೈ ಚಾಚಿದಳು. ಅವಳ ಪಕ್ಕದಲ್ಲಿ ಅಪ್ಪ ಕೂತ. ಅವನ ಹಿಂದಿನವರು ಒಂದು ಗಳಿಗೆ ನಿಂತು ನೋಡಿದರು, ಅವರೂ ಬಗ್ಗಿದರು. ಉಳಿದ ಸಾಲಿನವರು ಯಾರೂ ಆವತ್ತು ಕಟಾಂಜನದ ತನಕ ಹೋಗಲಿಲ್ಲ. ನಾನು ಬಿದ್ದ ಜಾಗದ ಸುತ್ತ, ಒದ್ದೆಯಾದ ಆ ನೆಲದ ಮೇಲೆ, ಒಬ್ಬೊಬ್ಬರಾಗಿ ಬಂದು ಮೊಣಕಾಲೂರಿದರು.